ರೆಸಿಡೆನ್ಸಿ ರಸ್ತೆಯ ವಿಕ್ಟೋರಿಯಾ

ಹೋಟೆಲ್ ಎಂದರೆ ನಮ್ಮವರಿಗೆ ಇಡ್ಲಿ, ದೋಸೆ, ಕಾಫಿ. ಬೆಂಗಳೂರಿನ ದಂಡಿನಲ್ಲಿ ಮಾತ್ರ ಆ ಪದಕ್ಕೆ ಬೇರೆಯೇ ಅರ್ಥವಿತ್ತು. 1809ರಲ್ಲಿ ಬ್ರಿಟಿಷರ ಪಡೆ ಇಲ್ಲಿ ಬೀಡುಬಿಟ್ಟ ಬಳಿಕ ದೊಡ್ಡ ಕಾಂಪೌಂಡುಗಳ ನಡುವೆ ಬಂಗಲೆಗಳು ಎದ್ದವು. ಅಂಥ ಕೆಲವು ಪರವೂರ ಅತಿಥಿಗಳ ತಂಗುದಾಣಗಳಾದವು. ರೆಸಿಡೆನ್ಸಿ ರಸ್ತೆಯ ವಿಕ್ಟೋರಿಯಾ ಹೋಟೆಲ್ ಈ ಸಾಲಿಗೆ ಸೇರಿದ್ದು. ಕಟ್ಟಡಕ್ಕಿಂತ ಅದರ ಮರಗಳ ನೆರಳನ್ನೇ ನೆನೆಯುವವರು ಹೆಚ್ಚು.

ಆ ಅಂಗಳವೇ ಅದಕ್ಕೆ ಮುಳುವಾಯಿತು. ನಗರದ ನಡುವೆ ಅಷ್ಟು ಜಾಗ ಖಾಲಿ ಬಿಟ್ಟುಕೊಂಡ ಹಳೆಯ ಕಟ್ಟಡಕ್ಕಿಂತ ಅದರಡಿಯ ನೆಲಕ್ಕೇ ಬೆಲೆ. ಹೋಟೆಲ್ ನೆಲಸಮವಾಯಿತು, 2004ರಲ್ಲಿ ಅಲ್ಲಿ 'ಬೆಂಗಳೂರು ಸೆಂಟ್ರಲ್' ಮಾಲ್ ತೆರೆಯಿತು.

ತಡೆಯಲು ಕಾನೂನು ಇರಲಿಲ್ಲವೇ? ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಕಾಯುವುದು ಸಂರಕ್ಷಿತವೆಂದು ಘೋಷಿಸಿದ ಸ್ಮಾರಕಗಳನ್ನು. 1980ರ ದಶಕದಲ್ಲಿ ಅಠಾರಾ ಕಚೇರಿಯನ್ನು ಕೆಡವುವ ಮಾತು ಬಂದಾಗ ನಾಗರಿಕರು ನ್ಯಾಯಾಲಯದ ಮೆಟ್ಟಿಲೇರಿದರು. ಕೆಂಪು ಕಟ್ಟಡ ಉಳಿಯಿತು. ಅದು ಸರ್ಕಾರದ್ದು, ಎಲ್ಲರದೂ. ಖಾಸಗಿ ಹೋಟೆಲಿನ ಪರವಾಗಿ, ಎರಡು ದಿನ ತಂಗಿ ಬಿಲ್ಲು ಕೊಟ್ಟು ಹೋದವರು ಮೊಕದ್ದಮೆ ಹೂಡುವರೇ?

ರೇಸ್‌ಕೋರ್ಸ್ ರಸ್ತೆಯ ವೆಸ್ಟ್ ಎಂಡ್ ಇದೇ ಕಾಲದ ಹೋಟೆಲು, ಆರಂಭ 1887ರಲ್ಲಿ. ಅಲ್ಲಿಯ ಮರಗಳು ಇನ್ನೂ ನಿಂತಿವೆ. ಆ ನೆರಳಿಗೇ ಅತಿಥಿಗಳು ಬಾಡಿಗೆ ತೆರುತ್ತಾರೆ.