ಕೆಳಗೆ ಅಂಗಡಿ, ಮೇಲೆ ಮನೆ: ನಡೆಯುವವರಿಗೆ ಒಗ್ಗುವ ಅಪಾರ್ಟ್‌ಮೆಂಟ್ ಕಟ್ಟುವುದು ಹೇಗೆ?

2021ರ ಜನವರಿಯಲ್ಲಿ ಬೆಂಗಳೂರು ಮೆಟ್ರೊದ ಹಸಿರು ಮಾರ್ಗ ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ವಿಸ್ತರಿಸಿತು. ಕೋಣನಕುಂಟೆ ಕ್ರಾಸ್, ದೊಡ್ಡಕಲ್ಲಸಂದ್ರ, ವಾಜರಹಳ್ಳಿ, ತಲಘಟ್ಟಪುರಗಳ ಜನರಿಗೆ ರೈಲು ಹತ್ತಿರವಾಯಿತು. ಆದರೆ ರೈಲು ಹತ್ತಿರ ಬಂದ ಮಾತ್ರಕ್ಕೆ ನಡಿಗೆ ಹಿತವಾಗುವುದಿಲ್ಲ. ಹೊರವಲಯದ ಮುಖ್ಯರಸ್ತೆಗಳಲ್ಲಿ ಅಪಾರ್ಟ್‌ಮೆಂಟಿನ ಕಾಂಪೌಂಡ್ ಗೋಡೆಗಳು ಉದ್ದಕ್ಕೆ ಸಾಗುತ್ತವೆ. ನೆರಳಿಲ್ಲ, ಅಂಗಡಿಯಿಲ್ಲ, ಪ್ರತಿ ಗೇಟಿನ ಮುಂದೆಯೂ ಫುಟ್‌ಪಾತ್ ತುಂಡಾಗಿದೆ. ಅರ್ಧ ಕಿಲೋಮೀಟರಿನ ಕೆಲಸಕ್ಕೂ ಜನ ಸ್ಕೂಟರ್ ಕೀಲಿಗೆ ಕೈ ಹಾಕುವುದು ಇದರಿಂದಲೇ.

ರಸ್ತೆ ಸರಕಾರದ್ದು ನಿಜ. ಆದರೆ ರಸ್ತೆಯ ಅಂಚು ಹೇಗಿರಬೇಕೆಂದು ತೀರ್ಮಾನಿಸುವುದು ಕಟ್ಟಡ, ಅದರಲ್ಲೂ ಅದರ ಕೆಳಗಿನ ಹದಿನೈದು ಅಡಿ. ಚಿಕ್ಕಪೇಟೆಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಎಂಬ ರೂಢಿ ಹಳೆಯದು. ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ, ಬಸವನಗುಡಿಯ ಗಾಂಧಿ ಬಜಾರಿನಲ್ಲಿ ಜನ ಇಂದಿಗೂ ನಡೆದೇ ವ್ಯಾಪಾರ ಮುಗಿಸುತ್ತಾರೆ. ಅದೇ ಗುಣವನ್ನು ಕಾರು, ಲಿಫ್ಟ್, ಕೊಳಚೆ ನೀರು ಶುದ್ಧೀಕರಣ ಘಟಕಗಳಿರುವ ಇಂದಿನ ಕಟ್ಟಡಕ್ಕೆ ತರುವುದು ಸಾಧ್ಯ. ಅರವತ್ತು ಅಡಿ ರಸ್ತೆಯ ಮೂಲೆ ನಿವೇಶನವೊಂದರಲ್ಲಿ, ಕೆಳಗೆ ಅಂಗಡಿಗಳಿದ್ದು ಮೇಲೆ ನಾಲ್ಕು ಮಹಡಿ ಮನೆಗಳಿರುವ ಕಟ್ಟಡವನ್ನು ಊಹಿಸಿಕೊಂಡು ನೋಡೋಣ.

ಬೀದಿಯ ಅಂಚು

ಮೊದಲ ಕೆಲಸ, ರಸ್ತೆ ಬದಿಯ ಕಾಂಪೌಂಡ್ ಗೋಡೆಯನ್ನು ಕೈಬಿಡುವುದು. ನಿಯಮದಂತೆ ಬಿಡಬೇಕಾದ ಮುಂಭಾಗದ ಸೆಟ್‌ಬ್ಯಾಕನ್ನು ಫುಟ್‌ಪಾತಿನ ಮಟ್ಟಕ್ಕೇ ತಂದು ಅದರೊಂದಿಗೆ ಬೆಸೆಯಬೇಕು. ಭಾರತೀಯ ರಸ್ತೆ ಕಾಂಗ್ರೆಸ್‌ನ ಪಾದಚಾರಿ ಮಾರ್ಗಸೂಚಿ, ನಡೆಯಲು ಯಾವ ಅಡ್ಡಿಯೂ ಇಲ್ಲದ ಕನಿಷ್ಠ 1.8 ಮೀಟರ್, ಅಂದರೆ ಸುಮಾರು ಆರು ಅಡಿ ಅಗಲ ಇರಬೇಕೆನ್ನುತ್ತದೆ. ಮರ, ದೀಪದ ಕಂಬ, ಬೈಕುಗಳೆಲ್ಲ ಈ ಆರಡಿಯ ಆಚೆಗೇ ಇರಬೇಕು. ಸೆಟ್‌ಬ್ಯಾಕ್ ಸೇರಿದಾಗ ಕೂರಲೊಂದು ಕಟ್ಟೆಗೂ ಹೊಂಗೆ ಮರಕ್ಕೂ ಜಾಗ ಸಿಗುತ್ತದೆ. ಅಲ್ಲಿಗೆ ಕಾರು ಹತ್ತದಂತೆ ಗಿಡ್ಡ ಕಲ್ಲುಕಂಬಗಳನ್ನು ನೆಡುವುದನ್ನು ಮರೆಯಬಾರದು. ಇಲ್ಲದಿದ್ದರೆ ಆ ಜಾಗ ಕೆಲವೇ ದಿನಗಳಲ್ಲಿ ಪಾರ್ಕಿಂಗ್ ಆಗಿಬಿಡುತ್ತದೆ.

ಮಳೆನೀರು ನುಗ್ಗೀತೆಂಬ ಭಯದಿಂದ ನಮ್ಮಲ್ಲಿ ನೆಲಮಟ್ಟವನ್ನು ಮೂರಡಿ ಎತ್ತರಿಸುವುದುಂಟು. ಆಗ ಅಂಗಡಿಯ ಮೆಟ್ಟಿಲುಗಳು ಫುಟ್‌ಪಾತಿನ ಮೇಲೆ ಇಳಿಯುತ್ತವೆ. ಗಾಲಿಕುರ್ಚಿಗೆ ಬೇಕಾದ ಇಳಿಜಾರು ಒಂದಕ್ಕೆ ಹನ್ನೆರಡರ ಲೆಕ್ಕದ್ದು. ಮೂರಡಿ ಏರಲು ಮೂವತ್ತಾರು ಅಡಿ ಬೇಕು, ಆರು ಅಂಗುಲಕ್ಕಾದರೆ ಆರೇ ಅಡಿ ಸಾಕು. ಹಾಗಾಗಿ ಅಂಗಡಿಯ ನೆಲ ಆರು ಅಂಗುಲಕ್ಕಿಂತ ಮೇಲೇರದಿರಲಿ. ನೀರನ್ನು ತಡೆಯಲು ಮುಂದಿನ ನೆಲಕ್ಕೆ ಸರಿಯಾದ ವಾಟ, ಕಟ್ಟಡದ ಉದ್ದಕ್ಕೂ ಜಾಲರಿ ಮುಚ್ಚಿದ ಚರಂಡಿ ಇರಲಿ. ರಸ್ತೆಯೇ ತಗ್ಗಿನಲ್ಲಿದ್ದು ನೀರು ನಿಲ್ಲುವ ಕಡೆ ಮಾತ್ರ ಎತ್ತರಿಸುವುದು ಅನಿವಾರ್ಯ. ಆಗ ಇಳಿಜಾರಿನ ಜಾಗವನ್ನು ನಿವೇಶನದ ಒಳಗೇ ಹೊಂದಿಸಬೇಕು.

ಅಂಗಡಿ ಸಾಲಿನ ಮೇಲೆ ಐದಾರು ಅಡಿ ಚಾಚುವ ಸಜ್ಜಾ ಹಾಕಿದರೆ ಬಿಸಿಲಲ್ಲೂ ಮಳೆಯಲ್ಲೂ ನಡೆಯಬಹುದು. ಸಿಂಗಪುರದಲ್ಲಿ 1822ರ ನಗರ ಯೋಜನೆಯೇ ಬೀದಿ ಬದಿಯ ಪ್ರತಿ ಕಟ್ಟಡದ ಮುಂದೆ ಚಾವಣಿಯುಳ್ಳ ನಡಿಗೆ ದಾರಿ ಇರಬೇಕೆಂದು ವಿಧಿಸಿತ್ತು. ಅಲ್ಲಿನ ಹಳೆಯ ಬೀದಿಗಳಲ್ಲಿ ಜನ ಈಗಲೂ ಅದರಡಿಯೇ ಓಡಾಡುತ್ತಾರೆ.

ಗಾಡಿಯ ದಾರಿ

ಬೇಸ್‌ಮೆಂಟಿಗೆ ಪ್ರವೇಶ ಒಂದೇ ಇರಲಿ, ಅದೂ ಅಡ್ಡರಸ್ತೆಯಿಂದ ಇರಲಿ. ಗೇಟಿನ ಮುಂದೆ ಫುಟ್‌ಪಾತ್ ತಗ್ಗದೆ ಅದೇ ಮಟ್ಟದಲ್ಲಿ ಸಾಗಬೇಕು. ಹತ್ತಿ ಇಳಿಯಬೇಕಾದದ್ದು ಕಾರು, ನಡೆಯುವ ಅಜ್ಜಿಯಲ್ಲ. ಇಳಿಜಾರಿನ ತುದಿಯಲ್ಲಿ ಒಂದು ಉಬ್ಬು ಕೊಟ್ಟರೆ ರಸ್ತೆಯ ನೀರು ಬೇಸ್‌ಮೆಂಟಿಗೆ ಇಳಿಯುವುದಿಲ್ಲ. ಸರಕಿನ ಟೆಂಪೊ, ಡೆಲಿವರಿ ಬೈಕುಗಳಿಗೂ ಅಡ್ಡರಸ್ತೆಯ ಕಡೆ ಗುರುತಿಸಿದ ಜಾಗ ಬೇಕು. ಅದಿಲ್ಲದಿದ್ದರೆ ಅವೆಲ್ಲ ಫುಟ್‌ಪಾತಿನ ಮೇಲೆಯೇ ನಿಲ್ಲುತ್ತವೆ.

ಕಂಬ ಮತ್ತು ಎತ್ತರ

ಮನೆ, ಅಂಗಡಿ, ಕಾರು ಮೂರಕ್ಕೂ ಹೊಂದುವ ಕಂಬದ ಅಂತರ ಸುಮಾರು 26 ಅಡಿ. ಎರಡು ಕಂಬಗಳ ನಡುವೆ ಎಂಟಡಿ ಅಗಲದ ಮೂರು ಕಾರುಗಳ ಜಾಗ ಕೂರುತ್ತದೆ. ಅದೇ ಅಂತರ ನೆಲಮಟ್ಟದಲ್ಲಿ ಹದಿಮೂರು ಅಡಿಯ ಎರಡು ಅಂಗಡಿಗಳಾಗುತ್ತದೆ. ಟೈಲರ್‌ಗೂ ಮೆಡಿಕಲ್ ಶಾಪಿಗೂ ಅಷ್ಟಗಲ ಧಾರಾಳ. ಬಾಗಿಲುಗಳು ಪದೇಪದೇ ಎದುರಾದರೆ ದಾರಿ ಸವೆದದ್ದೇ ತಿಳಿಯುವುದಿಲ್ಲ. ದೊಡ್ಡ ಮಳಿಗೆ ಬೇಕೆಂದರೆ ನಡುಗೋಡೆ ತೆಗೆಯಬಹುದು. ಅಂಗಡಿ ಮಹಡಿಯ ಎತ್ತರ ಹದಿನಾಲ್ಕು, ಹದಿನೈದು ಅಡಿ ಇರಲಿ. ಬೋರ್ಡು, ಎ.ಸಿ., ಪೈಪುಗಳೆಲ್ಲ ಅದರಲ್ಲೇ ಅಡಗುತ್ತವೆ.

ಮೇಲಿನವರ ನೆಮ್ಮದಿ

ದರ್ಶಿನಿಯ ಒಗ್ಗರಣೆ ಹೊಗೆ ಮೂರನೇ ಮಹಡಿಯ ಕಿಟಕಿಗೆ ಬಂದರೆ ಜಗಳ ಶುರು. ಹೊಗೆ ಡಕ್ಟನ್ನು ತಾರಸಿಯವರೆಗೆ ಒಯ್ಯುವ ಜಾಗವನ್ನು ನಕ್ಷೆಯಲ್ಲೇ ಮೀಸಲಿಡಬೇಕು, ಕಾಂಕ್ರೀಟ್ ಬಿದ್ದ ಮೇಲೆ ಅದಕ್ಕೆ ದಾರಿಯಿಲ್ಲ. ಅಡುಗೆ ಎಣ್ಣೆಯು ಕೊಳಚೆ ನೀರು ಶುದ್ಧೀಕರಣ ಘಟಕವನ್ನು ಕೆಡಿಸುತ್ತದೆ. ಆದ್ದರಿಂದ ಹೋಟೆಲಿನ ಕೊಳಚೆ ಪೈಪಿಗೆ ಜಿಡ್ಡನ್ನು ತಡೆಹಿಡಿಯುವ ಗ್ರೀಸ್ ಟ್ರ್ಯಾಪ್ ಬೇಕೇ ಬೇಕು.

ನಿವಾಸಿಗಳ ಬಾಗಿಲು, ಲಿಫ್ಟ್, ಮೆಟ್ಟಿಲು ಅಂಗಡಿಗಳದಕ್ಕಿಂತ ಬೇರೆ ಇರಲಿ, ಆದರೆ ಬಾಗಿಲು ಮುಖ್ಯರಸ್ತೆಗೇ ತೆರೆಯಲಿ. ಹಿಂಬಾಗಿಲಿನಿಂದ ಕಾರಿಗೆ ಇಳಿಯುವ ಮನೆಯವರು ಬೀದಿಗೆ ಬರುವುದೇ ಇಲ್ಲ. ಮಲಗುವ ಕೋಣೆ ಹಿಂದಕ್ಕೆ, ಹಜಾರ ಮತ್ತು ಬಾಲ್ಕನಿ ರಸ್ತೆಯ ಕಡೆಗೆ ಇದ್ದರೆ ನಿದ್ದೆಯೂ ಉಳಿಯುತ್ತದೆ, ಬೀದಿಯ ಮೇಲೊಂದು ಕಣ್ಣೂ ಇರುತ್ತದೆ. ರಾತ್ರಿ ಒಂಟಿಯಾಗಿ ನಡೆದು ಬರುವ ಹೆಣ್ಣುಮಗಳಿಗೆ ಮೇಲೊಂದು ದೀಪ ಉರಿಯುತ್ತಿದೆ, ಕೆಳಗೊಂದು ಅಂಗಡಿ ತೆರೆದಿದೆ ಎಂಬ ಧೈರ್ಯ ಸಣ್ಣದಲ್ಲ.

ಕೊಳ್ಳುವ ಮೊದಲು ಕೇಳಿ

ಯಾವ ರಸ್ತೆಯಲ್ಲಿ ಎಷ್ಟು ಅಂಗಡಿಗೆ ಅವಕಾಶವಿದೆ ಎಂಬುದು ರಸ್ತೆಯ ಅಗಲ ಮತ್ತು ವಲಯದ ಮೇಲೆ ನಿಂತಿದೆ. ಅದು ಮಂಜೂರಾದ ನಕ್ಷೆಯಲ್ಲಿ ಇದೆಯೇ ನೋಡಿ. ನೀರು, ಕಸ, ಕಾವಲಿನ ಖರ್ಚಿನಲ್ಲಿ ಅಂಗಡಿಯವರ ಪಾಲೆಷ್ಟು, ಮುಚ್ಚುವ ಹೊತ್ತು ಯಾವುದು, ಯಾವ ವ್ಯಾಪಾರ ಕೂಡದು ಎಂಬುದೆಲ್ಲ ಕ್ರಯಪತ್ರದಲ್ಲೂ ಬಾಡಿಗೆ ಕರಾರಿನಲ್ಲೂ ಬರಹದಲ್ಲಿರಲಿ. ಹೊಗೆ ಡಕ್ಟ್ ಎಲ್ಲಿ, ಕಾರಿನ ದಾರಿ ಎಲ್ಲಿ, ಮುಂದೆ ಗೋಡೆ ಇದೆಯೇ ಎಂದು ಬಿಲ್ಡರನ್ನು ಕೇಳಿ.

ಈಜುಕೊಳ, ಕ್ಲಬ್‌ಹೌಸ್ ಬಗ್ಗೆ ಕೇಳುವವರು ಬೇಕಾದಷ್ಟು ಜನ. ಫುಟ್‌ಪಾತಿನ ಬಗ್ಗೆಯೂ ಕೊಳ್ಳುವವರು ಕೇಳತೊಡಗಿದರೆ ಬಿಲ್ಡರ್‌ಗಳು ಅದನ್ನೂ ಕಟ್ಟಿಕೊಡುತ್ತಾರೆ, ಏಕೆಂದರೆ ಮೇಲೆ ಹೇಳಿದ್ದರಲ್ಲಿ ಹೊಸ ತಂತ್ರಜ್ಞಾನ ಬೇಡುವಂಥದ್ದು ಒಂದೂ ಇಲ್ಲ.