ಬರವಣಿಗೆಯೆಂಬ ಮನೋಮದ್ದು

ತುಮಕೂರಿನಿಂದ ಗುಬ್ಬಿಗೋ ಕುಣಿಗಲ್ಲಿಗೋ ಹೊರಟ ಬಸ್ಸಿನಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಓದಿದ ದಿನಗಳು ನಮಗೆ ನೆನಪಿವೆ. ಗುಟ್ಟು ಬಯಲಾದೊಡನೆ ಮನಸ್ಸು ಹಗುರಾಗುತ್ತಿತ್ತು. ಆದರೆ ನಮ್ಮೊಳಗೇ ಹುದುಗಿರುವ ಅಗಲಿಕೆಯ ನೋವನ್ನು, ಆಡದೆ ಉಳಿದ ಮಾತನ್ನು ಬಯಲಿಗೆ ತರುವವರಾರು?

1986ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ಸತತ 4 ದಿನ, ದಿನಕ್ಕೆ 15 ನಿಮಿಷ ತಮ್ಮ ನೋವನ್ನು ಬರೆದರು. ಆಗ ಮನಸ್ಸು ಕದಡಿದರೂ, ಘಟನೆಯೊಡನೆ ಭಾವನೆಯನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರಲ್ಲಿಗೆ ಹೋದದ್ದು ಕಡಿಮೆ.

ನೇರವಾಗಿ ಬರೆಯಲಾಗದ ನೋವನ್ನು ಪತ್ತೇದಾರಿ ಕಥೆಯಾಗಿಸಬಹುದು; ನಾವು ಕೇಳಿಕೊಳ್ಳಲು ಅಂಜುವ ಪ್ರಶ್ನೆಯನ್ನು ಪತ್ತೇದಾರನು ಕೇಳಲಿ. ಬರೆದುದನ್ನು ಯಾರಿಗೂ ತೋರಿಸಬೇಕಿಲ್ಲ. ತಮ್ಮ ಅಳುಕನ್ನು ಮರೆಮಾಚದೆ ನುಡಿದ ಶರಣರ ಹಾದಿಯೂ ಇದೇ ಅಲ್ಲವೇ? ಬರೆದಷ್ಟೂ ಸಂಕಟ ಹೆಚ್ಚಿದರೆ ಮಾತ್ರ ಲೇಖನಿಯನ್ನು ಕೆಳಗಿಟ್ಟು ವೈದ್ಯರನ್ನು ಕಾಣೋಣ.