ಕಣ್ಣಿಗೆ ಕಾಣದ ರಕ್ತ ಹೇಳುವ ಸುದ್ದಿ

ಮಲದ ಬಗ್ಗೆ ಮಾತಾಡೋಕೆ ಮುಜುಗರವೇ? ಒಂದು ನಿಮಿಷ ಅದನ್ನ ಬದಿಗಿಡಿ. ಈ ಮಾತು ಜೀವ ಉಳಿಸಬಹುದು.

ದೊಡ್ಡ ಕರುಳಿನ ಕ್ಯಾನ್ಸರ್ ರಾತ್ರೋರಾತ್ರಿ ಬರೋದಿಲ್ಲ. ಹೆಚ್ಚಿನ ಸಲ ಅದು ಕರುಳಿನ ಒಳಗೋಡೆಯಲ್ಲಿ ಪಾಲಿಪ್ ಅನ್ನೋ ಪುಟ್ಟ ಗಂಟಾಗಿ ಶುರುವಾಗುತ್ತೆ. ಗಂಟು ಕ್ಯಾನ್ಸರ್ ಆಗೋಕೆ ಸುಮಾರು 10 ವರ್ಷ ಹಿಡಿಯಬಹುದು. ನೋವಿಲ್ಲ, ಸದ್ದಿಲ್ಲ. ಆದರೆ ಬೆಳೆದ ಪಾಲಿಪ್‌ನಿಂದ ಆಗಾಗ ರಕ್ತ ಜಿನುಗುತ್ತೆ, ಕಣ್ಣಿಗೆ ಕಾಣದಷ್ಟು.

ಅದನ್ನ ಹಿಡಿಯೋದೇ ಫಿಟ್ ಪರೀಕ್ಷೆ. ಮನೆಯಲ್ಲೇ ಕಡ್ಡಿ ತುದಿಗೆ ಚೂರು ಮಲ ತಾಗಿಸಿ, ಪುಟ್ಟ ಬಾಟಲಿಗೆ ಹಾಕಿ ಲ್ಯಾಬ್‌ಗೆ ಕಳಿಸಿದರೆ ಆಯ್ತು. ಅಲ್ಲಿ ಪ್ರತಿಕಾಯಗಳು ಮನುಷ್ಯನ ಹಿಮೋಗ್ಲೋಬಿನ್ನನ್ನೇ ಹುಡುಕುತ್ತವೆ. ಹಾಗಾಗಿ ನಿನ್ನೆ ಮಟನ್ ಸಾರು ಉಂಡಿದ್ದರೂ ಚಿಂತೆಯಿಲ್ಲ. ಮಲದಲ್ಲಿ ರಕ್ತ ಹುಡುಕುವ ಹಳೆಯ ಗ್ವಾಯಾಕ್ ಪರೀಕ್ಷೆಗೆ ಮಾಂಸ ಬಿಡೋ ಪಥ್ಯ ಬೇಕಿತ್ತು.

ಹೀಗೆ ರಕ್ತ ಹುಡುಕೋದರಿಂದ ಪ್ರಯೋಜನ ಇದೆಯಾ? ಅಮೆರಿಕದ ಮಿನ್ನೆಸೋಟದಲ್ಲಿ 46 ಸಾವಿರಕ್ಕೂ ಹೆಚ್ಚು ಜನರ ಅಧ್ಯಯನ ನಡೀತು. 1993ರಲ್ಲಿ ಫಲಿತಾಂಶ ಬಂತು: ಆ ಹಳೆಯ ಪರೀಕ್ಷೆಯನ್ನೇ ಪ್ರತಿವರ್ಷ ಮಾಡಿಸಿದ ಗುಂಪಿನಲ್ಲಿ ಈ ಕ್ಯಾನ್ಸರ್‌ನ ಸಾವು ಶೇ. 33 ಕಡಿಮೆ! ಇಂಗ್ಲೆಂಡ್ 2019ರಿಂದ ಫಿಟ್ ಕಿಟ್ಟನ್ನ ಅಂಚೆಯಲ್ಲೇ ಮನೆಗೆ ಕಳಿಸ್ತಿದೆ, 2 ವರ್ಷಕ್ಕೊಮ್ಮೆ.

ಪಾಸಿಟಿವ್ ಅಂದರೆ ಕ್ಯಾನ್ಸರ್ ಅಂತಲ್ಲ, ಮೂಲವ್ಯಾಧಿಯೂ ಇರಬಹುದು. ಆದರೆ ಕರುಳಿನ ಒಳಗೆ ನೋಡುವ ಕೊಲೊನೊಸ್ಕೋಪಿ ತಪ್ಪಿಸಬೇಡಿ. ಪಾಲಿಪ್ ಸಿಕ್ಕರೆ ಸಾಮಾನ್ಯವಾಗಿ ಆಗಲೇ ತೆಗೀತಾರೆ, ಕ್ಯಾನ್ಸರ್ ಆಗೋ ಮೊದಲೇ. ನೆಗೆಟಿವ್ ಬಂದರೂ ಒಂದೇ ಸಲಕ್ಕೆ ನಿಲ್ಲಿಸಬೇಡಿ.

ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ಸ್ಕ್ರೀನಿಂಗ್‌ಗೆ ಕಾಯಬೇಡಿ. ನೇರ ವೈದ್ಯರ ಹತ್ತಿರ ಹೋಗಿ. ನಿಮಗೆ 45 ದಾಟಿದ್ದರೆ, ಮುಂದಿನ ಭೇಟಿಯಲ್ಲಿ ಈ ಪರೀಕ್ಷೆ ಬಗ್ಗೆ ಮುಜುಗರ ಬಿಟ್ಟು ಕೇಳಿ.